ಇಂಗ್ಲಿಷ್ ಪಾಠ ಮಾಡುತ್ತಲೇ ಮಕ್ಕಳ ಕಲಿಕೆಯನ್ನು ಅಳೆಯುವುದು ಹೇಗೆ?

ವರ್ಷವಿಡೀ ಪಾಠ ನಡೆದಿರುತ್ತದೆ. ಪ್ರಶ್ನೋತ್ತರ ಬರೆಸಿ ಆಗಿರುತ್ತದೆ, ಪದ್ಯಗಳು ಬಾಯಿಪಾಠ ಬಂದಿರುತ್ತವೆ, ಮಾರ್ಕ್ಸೂ ಪರವಾಗಿಲ್ಲ ಎನ್ನುವಂತಿರುತ್ತದೆ. ಅದೇ ಮಗುವನ್ನು ಕರೆದು, ನಿನ್ನೆ ಸಂಜೆ ಏನು ಮಾಡಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಬಾಯಿ ಕಟ್ಟುತ್ತದೆ. ಮಗುವನ್ನು ದೂರಿ ಪ್ರಯೋಜನವಿಲ್ಲ. ನಮ್ಮ ಪರೀಕ್ಷೆ ಕೇಳಿದ್ದು ನೆನಪಿನ ಶಕ್ತಿಯನ್ನು, ಮಗು ಬೆಳೆಸಿಕೊಂಡದ್ದೂ ಅದನ್ನೇ.

ಪರೀಕ್ಷೆ ಯಾವುದನ್ನು ಕೇಳುತ್ತದೋ ತರಗತಿ ಅದರ ಕಡೆಗೇ ವಾಲುತ್ತದೆ. ಭಾಷಾ ಬೋಧನೆಯ ಪರಿಭಾಷೆಯಲ್ಲಿ ಇದಕ್ಕೆ ವಾಶ್‌ಬ್ಯಾಕ್ ಎನ್ನುತ್ತಾರೆ. ಈ ಎಳೆತವನ್ನು ತಪ್ಪಿಸಲಾಗದು, ಆದರೆ ಒಳ್ಳೆಯ ದಿಕ್ಕಿಗೆ ತಿರುಗಿಸಬಹುದು. ಮಕ್ಕಳು ಇಂಗ್ಲಿಷ್ ಮಾತಾಡಬೇಕು ಎಂದಿದ್ದರೆ ಮಾತನ್ನೇ ಅಳೆಯಬೇಕು. ಕೇಳಿ ಅರ್ಥ ಮಾಡಿಕೊಳ್ಳಬೇಕು ಎಂದಿದ್ದರೆ ಕೇಳಿಸಿಯೇ ಅಳೆಯಬೇಕು. ತರಗತಿ ದೊಡ್ಡದಿದ್ದರೂ ಸಲಕರಣೆ ಏನೂ ಇಲ್ಲದಿದ್ದರೂ ಇದನ್ನು ಮಾಡುವುದು ಹೇಗೆ ಎಂದು ಹಂತಹಂತವಾಗಿ ನೋಡೋಣ.

ಹಂತ 1: ಪಾಠಕ್ಕೆ ಮೊದಲೇ ಗುರಿ ಮತ್ತು ಪರೀಕ್ಷೆ ಎರಡನ್ನೂ ಬರೆದುಕೊಳ್ಳಿ

ಲೆಸನ್ ಪ್ಲ್ಯಾನಿನಲ್ಲಿ 'ಸಿಂಪಲ್ ಪಾಸ್ಟ್ ಟೆನ್ಸ್' ಎಂದು ಬರೆದರೆ ಅದು ಪಾಠದ ಹೆಸರಷ್ಟೇ ಆಯಿತು. 'ನಿನ್ನೆ ನಡೆದ ಮೂರು ಸಂಗತಿಗಳನ್ನು ಪಕ್ಕದವರಿಗೆ ಅರ್ಥವಾಗುವಂತೆ ಹೇಳಬಲ್ಲರು' ಎಂದು ಬರೆಯಿರಿ. ಈಗ ಏನು ಕಲಿಸಬೇಕು, ಪಾಠದ ಕೊನೆಗೆ ಏನು ಕೇಳಬೇಕು ಎಂಬುದು ಆ ಒಂದೇ ವಾಕ್ಯದಲ್ಲಿ ಸಿಗುತ್ತದೆ.

ಕೌನ್ಸಿಲ್ ಆಫ್ ಯೂರೋಪ್ 2001ರಲ್ಲಿ ಪ್ರಕಟಿಸಿದ ಭಾಷಾ ಮಟ್ಟಗಳ ಚೌಕಟ್ಟು, ಅಂದರೆ ಸಿಇಎಫ್ಆರ್, ನಿಂತಿರುವುದು ಇಂಥ 'ಮಾಡಬಲ್ಲರು' ವಾಕ್ಯಗಳ ಮೇಲೆಯೇ. ಎ1ರಿಂದ ಸಿ2ರವರೆಗೆ ಆರು ಮಟ್ಟಗಳು. ಎ1 ಮಟ್ಟದವರು ತಮ್ಮ ಪರಿಚಯ ಹೇಳಿಕೊಳ್ಳಬಲ್ಲರು, ಎದುರಿನವರು ನಿಧಾನವಾಗಿ ಮಾತಾಡಿದರೆ ಸರಳ ಸಂಭಾಷಣೆ ನಡೆಸಬಲ್ಲರು. ಎ2 ಮಟ್ಟದವರು ದಿನಬಳಕೆಯ ವಿಷಯಗಳ ಬಗ್ಗೆ ನೇರವಾದ ಮಾಹಿತಿಯನ್ನು ಕೊಟ್ಟು ಪಡೆಯಬಲ್ಲರು. ಈ ಮಟ್ಟಗಳನ್ನು ನಿಮ್ಮ ಪಠ್ಯಕ್ಕೆ ಹಾಗೆಯೇ ಅಂಟಿಸಬೇಕಿಲ್ಲ. ವಾಕ್ಯ ಕಟ್ಟುವ ಬಗೆಯನ್ನು ಅಲ್ಲಿಂದ ಕಲಿತರೆ ಸಾಕು.

ಗುರಿಯ ಪಕ್ಕದಲ್ಲೇ ಅದನ್ನು ಪರೀಕ್ಷಿಸುವ ಚಟುವಟಿಕೆಯನ್ನು ಒಂದು ಸಾಲಿನಲ್ಲಿ ಬರೆಯಿರಿ. ಆ ಸಾಲು ಹೊಳೆಯುತ್ತಿಲ್ಲ ಎಂದಾದರೆ ಗುರಿಯೇ ಇನ್ನೂ ಸ್ಪಷ್ಟವಾಗಿಲ್ಲ ಎಂದರ್ಥ.

ಹಂತ 2: ಮಕ್ಕಳು ಎಲ್ಲಿದ್ದಾರೆ ಎಂದು ಮೊದಲು ತಿಳಿಯಿರಿ

ವರ್ಷದ ಆರಂಭದಲ್ಲಿ ಒಂದೆರಡು ವಾರ ಇದಕ್ಕೆ ಮೀಸಲಿಡಿ. ಮಾರ್ಕ್ಸ್ ಬೇಡ, ಹೆಸರಿನ ಮುಂದೆ ಟಿಪ್ಪಣಿ ಸಾಕು.

ಓದಿಗೆ ಸುಲಭವಾದ ದಾರಿಯೊಂದಿದೆ. ಸುಮಾರು 100 ಪದಗಳ, ಮಕ್ಕಳು ಹಿಂದೆ ಓದಿರದ ಒಂದು ತುಣುಕನ್ನು ಆರಿಸಿಕೊಳ್ಳಿ. ಒಬ್ಬೊಬ್ಬರನ್ನೇ ಕರೆದು ಗಟ್ಟಿಯಾಗಿ ಓದಿಸಿ. ತಪ್ಪಿದ, ಬಿಟ್ಟ, ನೀವೇ ಹೇಳಿಕೊಡಬೇಕಾದ ಪದಗಳಿಗೆ ನಿಮ್ಮ ಪ್ರತಿಯಲ್ಲಿ ಗುರುತು ಹಾಕುತ್ತಾ ಹೋಗಿ. ತಾನೇ ತಿದ್ದಿಕೊಂಡು ಓದಿದ್ದನ್ನು ತಪ್ಪೆಂದು ಎಣಿಸಬೇಡಿ. 95 ಅಥವಾ ಅದಕ್ಕಿಂತ ಹೆಚ್ಚು ಪದ ಸರಿ ಬಂದರೆ ಆ ಮಟ್ಟದ ಪುಸ್ತಕವನ್ನು ಮಗು ತಾನೇ ಓದಿಕೊಳ್ಳಬಹುದು. 90ರಿಂದ 94 ಬಂದರೆ ನಿಮ್ಮ ನೆರವಿನೊಂದಿಗೆ ಓದಬಹುದು. 90ಕ್ಕಿಂತ ಕಡಿಮೆಯಾದರೆ ಆ ಪಠ್ಯ ಮಗುವಿಗೆ ಸದ್ಯಕ್ಕೆ ಭಾರ. ನ್ಯೂಜಿಲೆಂಡಿನ ಮೇರಿ ಕ್ಲೇ ರೂಪಿಸಿದ ರನ್ನಿಂಗ್ ರೆಕಾರ್ಡ್ ಎಂಬ ವಿಧಾನದ ಸರಳ ರೂಪವಿದು.

ಓದಿ ಮುಗಿದ ಕೂಡಲೇ, ಇದರಲ್ಲಿ ಏನಾಯಿತು ಎಂದು ಕೇಳಿ. ಮಾತೃಭಾಷೆಯಲ್ಲಿ ಉತ್ತರಿಸಿದರೂ ಅಡ್ಡಿಯಿಲ್ಲ. ಸರಾಗವಾಗಿ ಓದಿಯೂ ಒಂದಕ್ಷರ ಅರ್ಥವಾಗದ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಚೆನ್ನಾಗಿ ಓದುವವರ ಪಟ್ಟಿಯಲ್ಲಿ ಸೇರಿಹೋಗಿ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದವರು ಅವರೇ.

ಮಾತಿಗೆ ಒಂದು ಚಿತ್ರ ಸಾಕು: ಕಂಡದ್ದನ್ನು ಹೇಳಲಿ. ಬರಹಕ್ಕೆ ತಮ್ಮ ಬಗ್ಗೆ ಐದು ಸಾಲು.

ಹಂತ 3: ಆಲಿಸುವುದನ್ನು ಪಾಠವಾಗಿಯೇ ಮಾಡಿ

ಆಲಿಸುವುದು, ಮಾತಾಡುವುದು, ಓದುವುದು, ಬರೆಯುವುದು ಎಂಬ ನಾಲ್ಕು ಕೌಶಲಗಳಲ್ಲಿ ಹೆಚ್ಚು ಕಡೆಗಣಿಸಲ್ಪಡುವುದು ಆಲಿಸುವಿಕೆ. ಸ್ಪೀಕರ್ ಇಲ್ಲ, ಆಡಿಯೋ ಇಲ್ಲ ಎಂಬ ಕಾರಣ ನಿಲ್ಲುವುದಿಲ್ಲ, ನಿಮ್ಮ ದನಿಯೇ ಸಾಕು. ಒಂದು ಪಾಠವನ್ನು ಹೀಗೆ ನಡೆಸಿ.

ಒಂದು ಊರಿನ ಸರಳ ನಕ್ಷೆಯನ್ನು ಬೋರ್ಡಿನ ಮೇಲೆ ಬರೆಯಿರಿ: ಎರಡು ರಸ್ತೆ, ಒಂದು ಸೇತುವೆ, ಶಾಲೆ, ಆಸ್ಪತ್ರೆ, ಅಂಚೆ ಕಚೇರಿ. ಮಕ್ಕಳು ಪುಸ್ತಕದಲ್ಲಿ ನಕಲು ಮಾಡಿಕೊಳ್ಳಲಿ. ಬೇಕಾಗುವ ನಾಲ್ಕೈದು ಪದಗಳನ್ನು, ಅಂದರೆ ಲೆಫ್ಟ್, ರೈಟ್, ಕ್ರಾಸ್, ನೆಕ್ಸ್ಟ್ ಟು ಇಂಥವನ್ನು, ಕೈಸನ್ನೆಯೊಂದಿಗೆ ಪರಿಚಯಿಸಿ. ಆಮೇಲೆ ಒಬ್ಬ ಹುಡುಗಿ ಶಾಲೆಯಿಂದ ಹೊರಟು ಎಲ್ಲೆಲ್ಲಿಗೆ ಹೋದಳು ಎಂಬುದನ್ನು ಆರೇಳು ವಾಕ್ಯಗಳಲ್ಲಿ ಸಹಜ ವೇಗದಲ್ಲಿ ಹೇಳಿ. ಮೊದಲ ಸಲ ಪೆನ್ನು ಕೆಳಗಿರಲಿ, ಅವಳು ಕೊನೆಗೆ ಎಲ್ಲಿಗೆ ತಲುಪಿದಳು ಎಂದಷ್ಟೇ ಕೇಳಿ. ಎರಡನೇ ಸಲ ಹೇಳುವಾಗ ಅವಳು ಹೋದ ದಾರಿಯನ್ನು ನಕ್ಷೆಯಲ್ಲಿ ಗೆರೆ ಎಳೆಯಲಿ. ಮೂರನೇ ಸಲ ಪಕ್ಕದವರ ಗೆರೆಯೊಂದಿಗೆ ಹೋಲಿಸಿ ನೋಡಲಿ. ಎಲ್ಲಿ ಗೆರೆಗಳು ಬೇರೆಯಾಗಿವೆಯೋ ಆ ವಾಕ್ಯವನ್ನು ಮಾತ್ರ ಬೋರ್ಡಿನ ಮೇಲೆ ಬರೆದು, ಕಿವಿಗೆ ಏಕೆ ಸಿಗಲಿಲ್ಲ ಎಂದು ಬಿಡಿಸಿ ತೋರಿಸಿ. ಬಹುಪಾಲು ಸಲ ಪದ ಗೊತ್ತೇ ಇರುತ್ತದೆ. ವೇಗದ ಮಾತಿನಲ್ಲಿ 'ನೆಕ್ಸ್ಟ್ ಟು' ಎಂಬುದು 'ನೆಕ್ಸ್‌ಟು' ಎಂದು ಕೂಡಿಕೊಂಡದ್ದರಿಂದ ಗುರುತು ಸಿಕ್ಕಿರುವುದಿಲ್ಲ.

ಈ ಪಾಠದಲ್ಲಿ ಪರೀಕ್ಷೆಯೂ ನಡೆದುಹೋಯಿತು. ಸಾಲುಗಳ ನಡುವೆ ಒಂದು ಸುತ್ತು ಬಂದರೆ ಯಾರ ಗೆರೆ ಸರಿ, ಯಾರದು ಸೇತುವೆಯ ಬಳಿ ತಪ್ಪಿದೆ ಎಂದು ಕಾಣುತ್ತದೆ. ಮಕ್ಕಳು ಒಂದು ವಾಕ್ಯವನ್ನೂ ಬರೆಯಬೇಕಾಗಿ ಬರಲಿಲ್ಲ ಎಂಬುದನ್ನು ಗಮನಿಸಿ. ಕೇಳಿಸಿಕೊಂಡದ್ದನ್ನು ಪೂರ್ಣ ವಾಕ್ಯದಲ್ಲಿ ಬರೆಯಿರಿ ಎಂದರೆ ನೀವು ಅಳೆಯುತ್ತಿರುವುದು ಬರವಣಿಗೆಯನ್ನು. ಆಲಿಸುವಿಕೆಯ ಉತ್ತರಗಳು ಗೆರೆ, ಟಿಕ್, ಸಂಖ್ಯೆ, ಚಿತ್ರಗಳ ಕ್ರಮ, ಒಂದೊಂದು ಪದ, ಇಷ್ಟರಲ್ಲೇ ಮುಗಿಯಬೇಕು.

ಡಿಕ್ಟೇಷನ್ ಕೂಡ ಒಳ್ಳೆಯ ಸಾಧನವೇ, ಬಿಡಿ ಪದಗಳ ಸ್ಪೆಲಿಂಗ್ ಪರೀಕ್ಷೆಯಾಗಿ ಉಳಿಯದಿದ್ದರೆ. ಚಿಕ್ಕದೊಂದು ಕಥೆಯನ್ನು ಸಹಜ ವೇಗದಲ್ಲಿ ಎರಡು ಸಲ ಓದಿ, ಮಕ್ಕಳು ಸಿಕ್ಕಷ್ಟು ಪದಗಳನ್ನು ಗುರುತು ಹಾಕಿಕೊಂಡು, ಆಮೇಲೆ ಗುಂಪಿನಲ್ಲಿ ಕೂತು ಕಥೆಯನ್ನು ತಮ್ಮ ವಾಕ್ಯಗಳಲ್ಲಿ ಮತ್ತೆ ಕಟ್ಟುವಂತೆ ಮಾಡಿ. ಇದಕ್ಕೆ ಡಿಕ್ಟೋಗ್ಲಾಸ್ ಎಂದು ಹೆಸರು. ವ್ಯಾಕರಣದ ಬಗ್ಗೆ ಮಕ್ಕಳು ತಾವಾಗಿ ವಾದ ಮಾಡುವುದನ್ನು ಕೇಳಬೇಕಿದ್ದರೆ ಇದಕ್ಕಿಂತ ಒಳ್ಳೆಯ ಚಟುವಟಿಕೆ ನನಗೆ ಗೊತ್ತಿಲ್ಲ.

ಹಂತ 4: ಮಾತಾಡಿಸಿ, ಕಾಯಿರಿ, ದಿನಕ್ಕೆ ಐವರನ್ನು ಮಾತ್ರ ಗಮನಿಸಿ

ಪ್ರಶ್ನೆ ಕೇಳಿದ ಮೇಲೆ ನಾವು ಎಷ್ಟು ಹೊತ್ತು ಕಾಯುತ್ತೇವೆ? ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳನ್ನು ಅಧ್ಯಯನ ಮಾಡಿದಾಗ ಶಿಕ್ಷಕರು ಸರಾಸರಿ ಕಾಯುತ್ತಿದ್ದುದು ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ತೆರೆದರು. ಹೊಸ ಭಾಷೆಯಲ್ಲಿ ಯೋಚಿಸಿ ವಾಕ್ಯ ಕಟ್ಟಬೇಕಾದ ಮಗುವಿಗೆ ಇನ್ನೂ ಹೆಚ್ಚು ಸಮಯ ಬೇಕು. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಇಲ್ಲವೇ, ಮೊದಲು ಪಕ್ಕದವರಿಗೆ ಹೇಳಿ, ಆಮೇಲೆ ತರಗತಿಗೆ ಹೇಳಿ ಎನ್ನಿ.

ಜೋಡಿಯ ಮಾತಿಗೆ ಒಂದು ಅಗತ್ಯ ಹುಟ್ಟಬೇಕು. ಇಬ್ಬರ ಕೈಯಲ್ಲೂ ಒಂದೇ ಸಂಭಾಷಣೆ ಇದ್ದರೆ ಅದು ಗಟ್ಟಿಯಾಗಿ ಓದುವುದಾಗುತ್ತದೆ, ಅಷ್ಟೆ. ಒಬ್ಬರ ವೇಳಾಪಟ್ಟಿಯಲ್ಲಿ ಸೋಮವಾರ ಮತ್ತು ಬುಧವಾರದ ಖಾನೆಗಳು ಖಾಲಿ, ಇನ್ನೊಬ್ಬರದರಲ್ಲಿ ಮಂಗಳವಾರ ಮತ್ತು ಗುರುವಾರದವು ಖಾಲಿ. ಪರಸ್ಪರ ನೋಡದೆ, ಕೇಳಿ ತುಂಬಿಸಬೇಕು. ಇಲ್ಲಿ ಕೇಳದೆ ಗತ್ಯಂತರವಿಲ್ಲ, ಹೇಳದೆಯೂ ಗತ್ಯಂತರವಿಲ್ಲ.

ತಪ್ಪು ತಿದ್ದುವ ವಿಷಯಕ್ಕೆ ಬರೋಣ. ಮಗು 'ಶೀ ಗೋ ಟು ಸ್ಕೂಲ್' ಎನ್ನುತ್ತದೆ. ನಾವು ತಕ್ಷಣ 'ಯೆಸ್, ಶೀ ಗೋಸ್ ಟು ಸ್ಕೂಲ್' ಎನ್ನುತ್ತೇವೆ. ಮಗುವಿಗೆ ಕೇಳಿಸುವುದು 'ಯೆಸ್' ಮಾತ್ರ. ತಾನು ಹೇಳಿದ್ದು ಸರಿಯೆಂದುಕೊಂಡು ಮುಂದೆ ಹೋಗುತ್ತದೆ. ಕೆನಡಾದ ಫ್ರೆಂಚ್ ತರಗತಿಗಳನ್ನು ಅಧ್ಯಯನ ಮಾಡಿ ಲೈಸ್ಟರ್ ಮತ್ತು ರಾಂಟಾ 1997ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದನ್ನೇ ಹೇಳುತ್ತದೆ: ಶಿಕ್ಷಕರು ಅತಿ ಹೆಚ್ಚು ಬಳಸುವುದು ಹೀಗೆ ಸರಿರೂಪವನ್ನು ತಾವೇ ಹೇಳಿಬಿಡುವ ವಿಧಾನ, ಆದರೆ ಮಕ್ಕಳು ತಾವಾಗಿ ತಿದ್ದಿಕೊಳ್ಳುವಂತೆ ಮಾಡಿದ್ದು ಬೇರೆ ವಿಧಾನಗಳು. 'ಶೀ...?' ಎಂದು ಅಲ್ಲಿಗೇ ನಿಲ್ಲಿಸಿ ಮಗುವಿನ ಮುಖ ನೋಡಿ. ಗೊತ್ತಿರುವ ರೂಪವಾದರೆ ಅದು ತಾನೇ 'ಗೋಸ್' ಎನ್ನುತ್ತದೆ. ಇನ್ನೂ ಕಲಿಸಿರದ ರೂಪವಾದರೆ ಸುಮ್ಮನೆ ಬಿಡಿ. ಮಗು ಉತ್ಸಾಹದಿಂದ ಏನೋ ಹೇಳುತ್ತಿರುವಾಗಲೂ ನಡುವೆ ತಡೆಯಬೇಡಿ, ತಪ್ಪನ್ನು ಗುರುತು ಹಾಕಿಕೊಂಡು ಚಟುವಟಿಕೆ ಮುಗಿದ ಮೇಲೆ ಯಾರ ಹೆಸರೂ ಹೇಳದೆ ಬೋರ್ಡಿನ ಮೇಲೆ ತನ್ನಿ. ಎಲ್ಲರೆದುರು ಒಮ್ಮೆ ನಗೆಗೀಡಾದ ಮಗುವನ್ನು ಮತ್ತೆ ಮಾತಿಗೆಳೆಯುವುದು ಬಹಳ ಕಷ್ಟ.

ಐವತ್ತು ಮಕ್ಕಳಿರುವ ತರಗತಿಯಲ್ಲಿ ಮಾತನ್ನು ಅಳೆಯುವುದು ಅಸಾಧ್ಯ ಎನ್ನುವವರಿದ್ದಾರೆ. ಒಂದೇ ದಿನದಲ್ಲಿ ಅಸಾಧ್ಯ, ನಿಜ. ಜೋಡಿ ಚಟುವಟಿಕೆ ನಡೆಯುವಾಗ ದಿನಕ್ಕೆ ಐವರನ್ನು ಮಾತ್ರ ಕೇಳಿಸಿಕೊಳ್ಳಿ. ಹತ್ತು ತರಗತಿಗಳಲ್ಲಿ ಎಲ್ಲರದೂ ಒಂದು ಸುತ್ತು ಮುಗಿಯುತ್ತದೆ. ಕೈಯಲ್ಲಿ ಹೆಸರುಗಳ ಪಟ್ಟಿ ಮತ್ತು ಈ ಅಳತೆ ಇರಲಿ:

1 – ಬಿಡಿ ಪದಗಳಲ್ಲಿ ಉತ್ತರಿಸುತ್ತಾರೆ, ನೆರವಿಲ್ಲದೆ ಮುಂದುವರಿಯಲಾರರು.
2 – ಚಿಕ್ಕ ವಾಕ್ಯಗಳಲ್ಲಿ ಹೇಳುತ್ತಾರೆ, ತಡವರಿಸಿದರೂ ಅರ್ಥ ತಲುಪುತ್ತದೆ.
3 – ಎರಡು ಮೂರು ವಾಕ್ಯಗಳನ್ನು ಜೋಡಿಸಿ ಹೇಳುತ್ತಾರೆ, ತಾವಾಗಿ ಪ್ರಶ್ನೆ ಕೇಳುತ್ತಾರೆ.

ಇದಕ್ಕಿಂತ ಉದ್ದದ ರೂಬ್ರಿಕ್, ಅಂದರೆ ಅಳತೆಯ ಪಟ್ಟಿ, ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ತರಗತಿಯ ಗದ್ದಲದಲ್ಲಿ ಬಳಕೆಗೆ ಬರುವುದಿಲ್ಲ. ಹೋಲಿಕೆಗೆ ನೋಡಿ, ವಿದೇಶಕ್ಕೆ ಓದಲು ಅಥವಾ ಕೆಲಸಕ್ಕೆ ಹೋಗುವವರು ತೆಗೆದುಕೊಳ್ಳುವ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಮಾತಿನ ಭಾಗದಲ್ಲಿ ಒಬ್ಬ ಅಭ್ಯರ್ಥಿಗೆ 11ರಿಂದ 14 ನಿಮಿಷ ಕೊಟ್ಟು ತರಬೇತಾದ ಪರೀಕ್ಷಕರು ನಾಲ್ಕು ಅಂಶಗಳನ್ನಷ್ಟೇ ಅಳೆಯುತ್ತಾರೆ: ನಿರರ್ಗಳತೆ ಮತ್ತು ಸಂಬದ್ಧತೆ, ಪದಸಂಪತ್ತು, ವ್ಯಾಕರಣ, ಉಚ್ಚಾರ. ಒಂದು ನಿಮಿಷ ಕೇಳಿಸಿಕೊಳ್ಳುವ ನಾವು ಎಂಟು ಅಂಶಗಳನ್ನು ಅಳೆಯುತ್ತೇವೆ ಎಂದು ಹೊರಡಬಾರದು.

ಉಚ್ಚಾರದ ಬಗ್ಗೆ ಎರಡು ಮಾತು. ಇಂಗ್ಲಿಷಿಗೆ ಅಕ್ಷರ 26, ಧ್ವನಿಗಳು ಸುಮಾರು 44. ಬರೆದಂತೆ ಓದುವ ಭಾಷೆಯಿಂದ ಬಂದ ಮಕ್ಕಳಿಗೆ 'ಬಟ್' ಮತ್ತು 'ಪುಟ್' ನಡುವಿನ ವ್ಯತ್ಯಾಸ ಅನ್ಯಾಯದಂತೆಯೇ ಕಾಣುತ್ತದೆ, ಅದಕ್ಕೆ ಬೈಯಬೇಡಿ. ಎದುರಿನವರಿಗೆ ಅರ್ಥವಾಗುವಂತಿದೆಯೇ ಎಂಬುದೇ ಅಳತೆ. ಲಂಡನ್ನಿನವರ ಹಾಗೆ ಉಚ್ಚರಿಸುವ ಅಗತ್ಯ ಯಾರಿಗೂ ಇಲ್ಲ.

ಹಂತ 5: ಪಾಠದಿಂದ ಎತ್ತಿ ಬರೆಯುವ ಪ್ರಶ್ನೆಗಳನ್ನು ಕಡಿಮೆ ಮಾಡಿ

ಈ ವಾಕ್ಯ ಓದಿ: 'ಡುಂಪನು ಗರ್ಚಿಯನ್ನು ಸೊಪ್ಪಳಿಸಿದನು.' ಈಗ ಪ್ರಶ್ನೆ: ಗರ್ಚಿಯನ್ನು ಸೊಪ್ಪಳಿಸಿದವರು ಯಾರು? ಉತ್ತರ ಡುಂಪ. ಪೂರ್ತಿ ಅಂಕ ಬಂತು, ಅರ್ಥ ಮಾತ್ರ ಸೊನ್ನೆ. ಪಾಠದ ಕೊನೆಯಲ್ಲಿರುವ ಎಷ್ಟೋ ಪ್ರಶ್ನೆಗಳು ಈ ಬಗೆಯವು. ಪ್ರಶ್ನೆಯ ಪದವನ್ನು ಪಾಠದಲ್ಲಿ ಹುಡುಕಿ, ಆ ಸಾಲನ್ನು ಎತ್ತಿ ಬರೆದರೆ ಮುಗಿಯಿತು.

ನೀವು ಬರೆಯುವ ಪ್ರತಿ ಪ್ರಶ್ನೆಯನ್ನೂ ಡುಂಪನ ಮುಂದಿಟ್ಟು ನೋಡಿ. ಅರ್ಥವಾಗದೆಯೂ ಉತ್ತರಿಸಬಹುದಾದರೆ ಬದಲಿಸಿ. ಅವನು ಏಕೆ ಹಾಗೆ ಮಾಡಿರಬಹುದು, ಮುಂದೆ ಏನಾಗಬಹುದು, ಈ ಐದು ಹೇಳಿಕೆಗಳಲ್ಲಿ ಯಾವುದು ಕಥೆಗೆ ಹೊಂದುವುದಿಲ್ಲ, ಈ ಪ್ಯಾರಾಕ್ಕೆ ಶೀರ್ಷಿಕೆ ಕೊಡು, ಇಂಥ ಪ್ರಶ್ನೆಗಳಿಗೆ ಓದದೆ ಉತ್ತರವಿಲ್ಲ.

ಸಾಲುಸಾಲನ್ನೂ ಮಾತೃಭಾಷೆಗೆ ಅನುವಾದಿಸಿ ಪಾಠ ಮುಗಿಸುವ ರೂಢಿಯನ್ನು ಬಿಡಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಅನುವಾದ ಬರುತ್ತದೆ ಎಂದು ಗೊತ್ತಿದ್ದರೆ ಮಗು ಇಂಗ್ಲಿಷ್ ವಾಕ್ಯವನ್ನು ಕೇಳಿಸಿಕೊಳ್ಳುವುದೇ ಇಲ್ಲ. ಹಾಗೆಂದು ಮಾತೃಭಾಷೆಯನ್ನು ತರಗತಿಯಿಂದ ಹೊರಗಟ್ಟಬಾರದು. ಕಥೆಯ ಹಿನ್ನೆಲೆ ಹೇಳಲು, ಕಠಿಣ ಪರಿಕಲ್ಪನೆಯನ್ನು ಬೇಗ ಬಿಡಿಸಲು, ಅಳುಕಿದ ಮಗುವಿಗೆ ಧೈರ್ಯ ಹೇಳಲು ಅದು ಬೇಕೇ ಬೇಕು.

ಮಕ್ಕಳು ತಾವಾಗಿ ಓದಿಕೊಳ್ಳುವ ಪುಸ್ತಕ ಸುಲಭವಾಗಿರಲಿ. ಹೂ ಮತ್ತು ನೇಷನ್ ಎಂಬ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಯಾರ ನೆರವೂ ಇಲ್ಲದೆ ಕಥೆಯೊಂದನ್ನು ಅರ್ಥಮಾಡಿಕೊಳ್ಳಲು ಸುಮಾರು 98 ಶೇಕಡಾ ಪದಗಳು ಗೊತ್ತಿರಬೇಕು. ಅಂದರೆ 50 ಪದಗಳಿಗೆ ಒಂದು ಹೊಸ ಪದ.

ಪಠ್ಯ ಹೊಂದುತ್ತದೆಯೇ ಎಂದು ಬೇಗ ನೋಡಲು ಕ್ಲೋಜ್ ಪರೀಕ್ಷೆ ಇದೆ. ಅಮೆರಿಕದ ವಿಲ್ಸನ್ ಟೇಲರ್ 1953ರಲ್ಲಿ ಪರಿಚಯಿಸಿದ್ದು. ಮೊದಲ ವಾಕ್ಯವನ್ನು ಹಾಗೇ ಬಿಟ್ಟು, ಅಲ್ಲಿಂದ ಮುಂದೆ ಪ್ರತಿ ಏಳನೇ ಪದವನ್ನು ತೆಗೆದು ಖಾಲಿ ಬಿಡಿ, ಮಕ್ಕಳು ತುಂಬಿಸಲಿ. ಅರ್ಥಕ್ಕೆ ಹೊಂದುವ ಬೇರೆ ಪದ ಬರೆದರೂ ಸರಿ ಎನ್ನಿ.

ಹಂತ 6: ಬರಹದಲ್ಲಿ ಎಲ್ಲ ತಪ್ಪಿಗೂ ಕೆಂಪು ಶಾಯಿ ಬೇಡ

ಒಂದು ಮಗುವಿನ ಬರಹ ಹೀಗಿದೆ ಎಂದುಕೊಳ್ಳಿ: 'ಯೆಸ್ಟರ್‌ಡೇ ಐ ಗೋ ಟು ಮೈ ಅಂಕಲ್ ಹೌಸ್. ಹೀ ಹ್ಯಾವ್ ಒನ್ ಡಾಗ್. ದಟ್ ಡಾಗ್ ರನ್ ಬಿಹೈಂಡ್ ಮಿ. ಐ ಶೌಟ್ ಅಂಡ್ ಕ್ಲೈಂಬ್ ದ ವಾಲ್.'

ಮೊದಲು ಇದರಲ್ಲಿ ಇರುವುದನ್ನು ನೋಡಿ. ಘಟನೆಗಳು ಕ್ರಮವಾಗಿ ಬಂದಿವೆ, ವಾಕ್ಯಗಳು ಪೂರ್ಣವಾಗಿವೆ, ಕಥೆಗೊಂದು ಏರಿಕೆ ಇದೆ. ಇನ್ನು ತಪ್ಪುಗಳು. ಎಲ್ಲಕ್ಕೂ ಗೆರೆ ಎಳೆದರೆ ಪುಟ ಕೆಂಪಾಗುತ್ತದೆ, ಮಗು ಪುಸ್ತಕ ಮುಚ್ಚುತ್ತದೆ. ಗೋ, ರನ್, ಶೌಟ್, ಕ್ಲೈಂಬ್ ಈ ನಾಲ್ಕೂ ಒಂದೇ ಕಾಯಿಲೆಯ ಲಕ್ಷಣಗಳು, ನಡೆದುಹೋದದ್ದನ್ನು ಹೇಳುವ ರೂಪ ಇನ್ನೂ ಕೈಗೆ ಬಂದಿಲ್ಲ. 'ಹೀ ಹ್ಯಾವ್' ಬೇರೆ ತೊಂದರೆ. ಅಂಕಲ್ ಪಕ್ಕದ ಅಪಾಸ್ಟ್ರಫಿ ಇನ್ನೂ ಬೇರೆ. ಈ ವಾರದ ಪಾಠ ಭೂತಕಾಲವಾದರೆ ಆ ನಾಲ್ಕು ಕ್ರಿಯಾಪದಗಳಿಗೆ ಮಾತ್ರ ಗೆರೆ ಎಳೆಯಿರಿ, ಸರಿರೂಪ ಬರೆದುಕೊಡಬೇಡಿ. ಕೆಳಗೆ ಹೀಗೆ ಬರೆಯಿರಿ: 'ಗೋಡೆ ಹತ್ತಿದ್ದು ಕಣ್ಣಿಗೆ ಕಟ್ಟುತ್ತದೆ. ಆಮೇಲೆ ನಾಯಿ ಏನು ಮಾಡಿತು? ಇದು ನಿನ್ನೆ ನಡೆದದ್ದಲ್ಲವೇ, ಗೆರೆ ಎಳೆದ ನಾಲ್ಕು ಪದಗಳನ್ನು ಬದಲಿಸಿ, ಇನ್ನೆರಡು ವಾಕ್ಯ ಸೇರಿಸಿ ಮತ್ತೆ ಬರೆ.'

ಇದರ ಪಕ್ಕದಲ್ಲಿ ಹತ್ತಕ್ಕೆ ಐದು ಎಂದು ಬರೆಯಬೇಡಿ. ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಕೆಲವರಿಗೆ ಎರಡನ್ನೂ ಕೊಟ್ಟು ನೋಡಲಾಯಿತು. ಮುಂದಿನ ಕೆಲಸದಲ್ಲಿ ಸುಧಾರಿಸಿದ್ದು ಟಿಪ್ಪಣಿ ಮಾತ್ರ ಸಿಕ್ಕ ಮಕ್ಕಳು. ಎರಡೂ ಸಿಕ್ಕವರಲ್ಲಿ ಆ ಸುಧಾರಣೆ ಕಾಣಲಿಲ್ಲ. ಅಂಕ ಕಂಡ ಮೇಲೆ ಟಿಪ್ಪಣಿಯನ್ನು ಯಾರು ಓದುತ್ತಾರೆ? ಅಂಕ ಕೊಡಲೇಬೇಕಾದ ಕಡೆ ತಿದ್ದಿ ಬರೆದ ಎರಡನೇ ಪ್ರತಿಗೆ ಕೊಡಿ.

ಪ್ರತಿ ವಾರ ಎಲ್ಲರ ಪುಸ್ತಕವನ್ನೂ ಹೀಗೆ ನೋಡಲಾಗದು. ಸರದಿಯಂತೆ ಕೆಲವರದ್ದನ್ನು ನೋಡಿ, ಉಳಿದವರು ಪರಸ್ಪರ ಓದಲಿ. ಆದರೆ 'ತಪ್ಪು ಹುಡುಕು' ಎಂದು ಮಕ್ಕಳಿಗೆ ಹೇಳಬೇಡಿ. ನಿನಗೆ ಇಷ್ಟವಾದ ಒಂದು ವಾಕ್ಯಕ್ಕೆ ನಕ್ಷತ್ರ ಹಾಕು, ಅರ್ಥವಾಗದ ಕಡೆ ಪ್ರಶ್ನೆಚಿಹ್ನೆ ಹಾಕು ಎನ್ನಿ.

ಹಂತ 7: ಪ್ರಶ್ನೆಪತ್ರಿಕೆ ತಯಾರಿಸುವಾಗ

ಬೋಧಿಸಿದ ಸಮಯಕ್ಕೂ ಅಂಕಗಳಿಗೂ ಹೊಂದಿಕೆ ಇರಲಿ. ತರಗತಿಯಲ್ಲಿ ಅರ್ಧದಷ್ಟು ಕೇಳುವುದು, ಮಾತಾಡುವುದು ನಡೆದಿದ್ದರೆ ನೂರಕ್ಕೆ ನೂರು ಅಂಕವನ್ನೂ ಬರಹಕ್ಕೆ ಕೊಡುವುದು ನ್ಯಾಯವಲ್ಲ. ಓದಿನ ಭಾಗಕ್ಕೆ ಪಾಠದಲ್ಲಿಲ್ಲದ, ಆದರೆ ಅದೇ ಮಟ್ಟದ ಹೊಸ ತುಣುಕನ್ನು ಕೊಡಿ. ಓದಿಸಿ ಅರ್ಥ ಹೇಳಿದ ಪಾಠವನ್ನೇ ಮತ್ತೆ ಕೊಟ್ಟರೆ ಸಿಗುವುದು ನೆನಪಿನ ಅಳತೆ. ಪರೀಕ್ಷೆಯ ಮೊದಲ ಹತ್ತು ನಿಮಿಷ ಆಲಿಸುವಿಕೆಗೆ ಇಡಿ, ನೀವೇ ಎರಡು ಸಲ ಓದಿ ಹೇಳಿ.

ಪ್ರಬಂಧ, ಪತ್ರಗಳ ಅಂಕ ಒಬ್ಬೊಬ್ಬ ಶಿಕ್ಷಕರಿಗೆ ಒಂದೊಂದಾಗುವುದು ಸಾಮಾನ್ಯ. ಮೌಲ್ಯಮಾಪನ ಶುರುವಾಗುವ ಮೊದಲು ಸಹೋದ್ಯೋಗಿಯೊಬ್ಬರೊಂದಿಗೆ ಕೂತು ಅದೇ ಐದು ಉತ್ತರಗಳಿಗೆ ಪ್ರತ್ಯೇಕವಾಗಿ ಅಂಕ ಕೊಟ್ಟು ಹೋಲಿಸಿ. ಒಬ್ಬರು ಸ್ಪೆಲಿಂಗಿಗೆ ಅಂಕ ಕಡಿದಿರುತ್ತಾರೆ, ಇನ್ನೊಬ್ಬರು ಹೊಸ ಆಲೋಚನೆ ಮೆಚ್ಚಿ ಅಂಕ ಸೇರಿಸಿರುತ್ತಾರೆ. ಯಾವುದಕ್ಕೆ ಎಷ್ಟು ಎಂದು ಅಲ್ಲೇ ಒಪ್ಪಿಕೊಂಡು ಬರೆದಿಟ್ಟುಕೊಳ್ಳಿ, ಆ ಚೀಟಿಯನ್ನು ಮಕ್ಕಳಿಗೂ ಮೊದಲೇ ತೋರಿಸಿ.

ಹಂತ 8: ಅಳೆದದ್ದನ್ನು ಮರುದಿನದ ಪಾಠಕ್ಕೆ ತನ್ನಿ

ರಿಜಿಸ್ಟರಿನಲ್ಲಿ ಉಳಿದುಹೋದ ಅಂಕದಿಂದ ಯಾವ ಮಗುವಿಗೂ ಉಪಯೋಗವಿಲ್ಲ. ಒಂದು ಪುಟದಲ್ಲಿ ಹೆಸರುಗಳು ಉದ್ದಕ್ಕೆ, 'ಮಾಡಬಲ್ಲರು' ವಾಕ್ಯಗಳು ಅಡ್ಡಕ್ಕೆ ಇರಲಿ, ಹಂತ 4ರ 1, 2, 3 ಎಂಬ ಅಳತೆಯನ್ನೇ ಅದರಲ್ಲಿ ತುಂಬಿ. ಒಂದು ಕಂಬಸಾಲಿನಲ್ಲಿ ಬಹುತೇಕ ಎಲ್ಲರ ಮುಂದೆಯೂ 1 ಎಂದಿದ್ದರೆ ಪಾಠ ತಲುಪಿಲ್ಲ, ಬೇರೆ ರೀತಿಯಲ್ಲಿ ಇಡೀ ತರಗತಿಗೆ ಮತ್ತೆ ಮಾಡಿ. ನಾಲ್ಕೈದು ಮಕ್ಕಳ ಮುಂದೆ ಮಾತ್ರ 1 ಎಂದಿದ್ದರೆ ಉಳಿದವರು ಜೋಡಿ ಚಟುವಟಿಕೆಯಲ್ಲಿರುವಾಗ ಅವರನ್ನು ಹತ್ತು ನಿಮಿಷ ಹತ್ತಿರ ಕೂರಿಸಿಕೊಳ್ಳಿ. ಆ ಗುಂಪು ಪ್ರತಿ ಸಲ ಬದಲಾಗುತ್ತಿರಲಿ, ಅದೇ ಮಕ್ಕಳು ಸದಾ ಅಲ್ಲೇ ಕೂತರೆ ತಮ್ಮನ್ನು ದಡ್ಡರೆಂದು ಅವರೇ ನಂಬಿಬಿಡುತ್ತಾರೆ.

ಎರಡು ವಾರ ಬಿಟ್ಟು ಅದೇ ಗುರಿಯನ್ನು ಬೇರೆ ಚಟುವಟಿಕೆಯಲ್ಲಿ ಮತ್ತೆ ನೋಡಿ: ಅಂದು ನಕ್ಷೆ ಇದ್ದಲ್ಲಿ ಇಂದು ವೇಳಾಪಟ್ಟಿ, ಅಂದು ನಾಯಿಯ ಕಥೆ ಇದ್ದಲ್ಲಿ ಇಂದು ರಜೆಯ ದಿನದ ವಿವರ. ಆಗಲೂ ಎರಡು ಅಥವಾ ಮೂರು ಬಂದರೆ ಆ ಖಾನೆಗೆ ಟಿಕ್ ಹಾಕಿ. ಒಂದಕ್ಕೇ ಇಳಿದಿದ್ದರೆ ಮುಂದಿನ ವಾರದ ಲೆಸನ್ ಪ್ಲ್ಯಾನಿನಲ್ಲಿ ಆ ಮಗುವಿನ ಹೆಸರನ್ನು ಆ ಗುರಿಯ ಪಕ್ಕದಲ್ಲೇ ಬರೆದುಕೊಳ್ಳಿ.